ಇಳಿಜಾರು ಡ್ರೈವ್‌ವೇ, ಸಣ್ಣ ಟ್ರ್ಯಾಕ್ಟರ್, ಮೊಣಕಾಲುದ್ದ ಸ್ನೋ, ಮಾತು ಕೇಳದ ಸ್ಟೀರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರೋದು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಮೂಲೆಯಲ್ಲಿ, ಬಫಲೋ ಊರಿಂದ ದಕ್ಷಿಣಕ್ಕೆ ಗುಡ್ಡದ ಕಡೆ. ಈರೀ ಸರೋವರ ಇನ್ನೂ ಹೆಪ್ಪುಗಟ್ಟಿರಲ್ಲ, ಅದರ ಮೇಲೆ ತಣ್ಣನೆ ಗಾಳಿ ಬೀಸ್ಕೊಂಡು ಬಂದು ನೀರೆಲ್ಲ ಹೀರಿ ನಮ್ಮ ತಲೆ ಮೇಲೆ ಸ್ನೋ ಸುರಿಯತ್ತೆ, ಇಲ್ಲಿಯವರು ಲೇಕ್ ಎಫೆಕ್ಟ್ ಅಂತಾರೆ. ರಸ್ತೆಯಿಂದ ಮನೆಗೆ ತೊಂಬತ್ತು ಮೀಟರ್ ಜಲ್ಲಿ ಹಾಕಿದ ಡ್ರೈವ್‌ವೇ, ಮಧ್ಯದ ನಲವತ್ತು ಮೀಟರ್ ಒಳ್ಳೇ ಏರು, ಏರಿನ ಬುಡದಲ್ಲೇ ಒಂದು ತಿರುವು, ತಿರುವಿನ ಪಕ್ಕ ಚರಂಡಿ. ಪ್ರತಿ ನವೆಂಬರ್‌ನಲ್ಲೂ ಯಾರಾದ್ರೂ ಒಬ್ರು ಕನ್ನಡದವರು ಫೋನ್ ಮಾಡಿ "ಮನೆ ತಗೊಂಡ್ವಿ, ಜಾಗ ಜಾಸ್ತಿ ಇದೆ, ಡ್ರೈವ್‌ವೇ ಸ್ವಲ್ಪ ಇಳಿಜಾರು, ಸಣ್ಣ ಟ್ರ್ಯಾಕ್ಟರ್ ಒಂದು ತಗೊಂಡಿದೀವಿ, ಆದ್ರೆ ಸ್ಟೀರಿಂಗ್ ಕೈಗೇ ಸಿಗಲ್ಲ" ಅಂತಾರೆ. ಅವರಿಗೆ ಹೇಳಿ ಹೇಳಿ ಸಾಕಾಗಿದ್ದೆಲ್ಲ ಇಲ್ಲಿದೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೂ ಟ್ರ್ಯಾಕ್ಟರ್ ನೆಟ್ಟಗೇ ಹೋಗತ್ತಲ್ಲ, ಏನಾದ್ರೂ ಕೆಟ್ಟಿದ್ಯಾ?

ಏನೂ ಕೆಟ್ಟಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅನ್ನೋ ಗಾದೆ ಇದ್ಯಲ್ಲ, ಇಲ್ಲಿ ಮಾತ್ರ ನೆಲ ನಿಜವಾಗ್ಲೂ ಡೊಂಕೇ. ನೀವು ಕೈಯಲ್ಲಿ ಹಿಡಿದಿರೋ ಚಕ್ರ ಬರೀ ಅರ್ಜಿ ಹಾಕೋ ಜಾಗ, ಅದನ್ನ ಮಂಜೂರು ಮಾಡೋದು ಮುಂದಿನ ಎರಡು ಟೈರು, ಮತ್ತೆ ಅವು ಮಂಜೂರು ಮಾಡ್ಬೇಕಂದ್ರೆ ಅವುಗಳ ಮೇಲೆ ಭಾರ ಇರ್ಬೇಕು. ಸಣ್ಣ ಟ್ರ್ಯಾಕ್ಟರಲ್ಲಿ ಈ ಭಾರ ಒಂದು ಕಡೆ ನಿಲ್ಲೋದೇ ಇಲ್ಲ, ಹಿಂದೆ ಸ್ನೋ ಕೆರೆಯೋ ಬ್ಲೇಡ್ ಎತ್ತಿದ್ರೆ ಹಿಂದಕ್ಕೆ ಹೋಗತ್ತೆ, ಏರು ಹತ್ತಿದ್ರೆ ಇನ್ನೂ ಹಿಂದಕ್ಕೆ, ಮುಂದಿನ ಬಕೆಟನ್ನ ನೆಲಕ್ಕೆ ಒತ್ತಿದ್ರೆ ಬಕೆಟ್ ಮೇಲೆ ಹೋಗಿ ಕೂರತ್ತೆ. ಹಾಗಾಗಿ ಸ್ಟೀರಿಂಗ್ ಕೆಲ್ಸ ಮಾಡ್ತಿಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಮೊದ್ಲು ಕೇಳೋದು ಒಂದೇ, ಆ ಕ್ಷಣದಲ್ಲಿ ಮುಂದಿನ ಟೈರ್ ಮೇಲೆ ಎಷ್ಟು ಭಾರ ಇತ್ತು ಅಂತ. ಕೆಳಗಿರೋ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಸುತ್ತಿ ಬಳಸಿ ಅಲ್ಲಿಗೇ ಬರತ್ತೆ.

ನನ್ ಹತ್ರ ಹಿಂದೆ ಹಾಕೋ ಬ್ಲೇಡ್ ಇದೆ, ಮುಂದೆ ಲೋಡರ್, ಅಂದ್ರೆ ಬಕೆಟ್ ಎತ್ತಿ ಇಳಿಸೋ ತೋಳು, ಇಲ್ಲ. ಏರು ಹತ್ತುವಾಗ ಮೂತಿ ಹಗುರ ಆದಂಗೆ ಅನ್ಸತ್ತೆ, ಭ್ರಮೆನಾ?

ಭ್ರಮೆ ಅಲ್ಲ, ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ಟರ್ 680 ಕೆಜಿ ಅಂತ ಇಟ್ಕೊಳ್ಳಿ, ಸಮತಟ್ಟು ನೆಲದಲ್ಲಿ ಅದರ ಶೇಕಡ 40, ಅಂದ್ರೆ ಸುಮಾರು 270 ಕೆಜಿ ಮುಂದಿನ ಆಕ್ಸಲ್ ಮೇಲೆ. ಎರಡು ಆಕ್ಸಲ್ ನಡುವೆ 1.4 ಮೀಟರ್. ಈಗ 150 ಕೆಜಿ ಬ್ಲೇಡನ್ನ ಹಿಂದಿನ ಆಕ್ಸಲಿಂದ 0.9 ಮೀಟರ್ ಆಚೆ ನೇತಾಕಿ ಎತ್ತಿದ್ರಿ ಅಂದ್ರೆ ತಕ್ಕಡಿ ಥರ ಮುಂದಿನಿಂದ 96 ಕೆಜಿ ಕಿತ್ಕೊಳ್ಳತ್ತೆ. ಅದ್ರ ಮೇಲೆ ಶೇಕಡ 15 ಏರು ಹತ್ತಿದ್ರೆ ಇನ್ನೊಂದು ನಲವತ್ತು ಚಿಲ್ಲರೆ ಕೆಜಿ ಹಿಂದಕ್ಕೆ ಜಾರತ್ತೆ. ಉಳಿದಿದ್ದು 130 ಕೆಜಿ, ಅಂದ್ರೆ ಮೊದಲಿದ್ದ ಭಾರದ ಅರ್ಧಕ್ಕಿಂತ ಕಮ್ಮಿ, ಅದೂ ಸ್ನೋ ಮೇಲೆ. ಇನ್ನು ತಿರುಗು ಅಂದ್ರೆ ಎಲ್ಲಿಂದ ತಿರುಗತ್ತೆ ಪಾಪ.

ಇದಕ್ಕೆ ಮದ್ದು ಎರಡು. ಒಂದು, ಮೂತಿಗೆ ಸೂಟ್‌ಕೇಸ್ ವೆಯ್ಟ್ ಹಾಕೋದು, ಟ್ರ್ಯಾಕ್ಟರ್ ಕಂಪನಿಯವ್ರೇ ಮಾರ್ತಾರೆ, ಸಣ್ಣ ಸೂಟ್‌ಕೇಸ್ ಆಕಾರದ ಎರಕದ ಕಬ್ಬಿಣದ ತುಂಡುಗಳು. ಇನ್ನೊಂದು, ಹತ್ತುವಾಗ ಬ್ಲೇಡನ್ನ ಎದೆಮಟ್ಟ ಎತ್ಕೊಂಡು ಮೆರವಣಿಗೆ ಹೋಗ್ಬೇಡಿ, ನೆಲಕ್ಕೆ ತಾಗದಷ್ಟು ಎತ್ತಿದ್ರೆ ಸಾಕು. ಎತ್ತರ ಜಾಸ್ತಿ ಆದಷ್ಟೂ ಟ್ರ್ಯಾಕ್ಟರ್ ವಾಲೋ ಅಪಾಯಾನೂ ಜಾಸ್ತಿ.

ಮುಂದಿನ ಬಕೆಟಲ್ಲಿ ಸ್ನೋ ತಳ್ಳುವಾಗ ತಿರುವಲ್ಲಿ ತಿರುಗಲ್ಲ, ಸೀದಾ ಚರಂಡಿ ಕಡೆ ಹೋಗತ್ತೆ. ಇಲ್ಲೇನು?

ಹಿಂದಿನ ಬ್ಲೇಡಿನ ಸಮಸ್ಯೆಗೆ ಉಲ್ಟಾ ದಾರಿ, ಆದ್ರೆ ಬಂದು ಸೇರೋದು ಅದೇ ಊರಿಗೆ. ಲೋಡರ್ ಸಿಲಿಂಡರ್ ಎರಡೂ ಕಡೆ ಬಲ ಹಾಕತ್ತೆ, ಎತ್ತೋದಷ್ಟೇ ಅಲ್ಲ ಕೆಳಗೂ ಒತ್ತತ್ತೆ. ಸ್ನೋ ಚೆನ್ನಾಗಿ ಕೆರೀಲಿ ಅಂತ ನೀವು ಲಿವರ್ ಮುಂದಕ್ಕೆ ಒತ್ತಿ ಹಿಡಿದ್ರೆ ಬಕೆಟ್ ನೆಲಕ್ಕೆ ಕಚ್ಕೊಂಡು ಟ್ರ್ಯಾಕ್ಟರಿನ ಮೂತಿಯನ್ನೇ ಮೇಲಕ್ಕೆ ಎತ್ತತ್ತೆ. ಒಂದ್ಸಲ ಬೇರೆಯವರ ಕೈಲಿ ಓಡ್ಸೋಕೆ ಹೇಳಿ ಪಕ್ಕದಲ್ಲಿ ನಿಂತು ನೋಡಿ, ಮುಂದಿನ ಟೈರಿನ ತಳ ಚಪ್ಪಟೆಯಾಗಿದ್ದಿದ್ದು ಮೆಲ್ಲಗೆ ದುಂಡಗಾಗತ್ತೆ, ಆಮೇಲೆ ನೆಲಕ್ಕೂ ಟೈರಿಗೂ ನಡುವೆ ಬೆರಳಗಲ ಬೆಳಕು ಕಾಣತ್ತೆ. ಸೀಟಲ್ಲಿ ಕೂತವರಿಗೆ ಇದು ಗೊತ್ತೇ ಆಗಲ್ಲ, ಅವರು ಪಾಪ ಸ್ಟೀರಿಂಗ್ ತಿರುಗಿಸ್ತಾನೇ ಇರ್ತಾರೆ, ಗಾಳಿಯಲ್ಲಿರೋ ಟೈರೂ ಆ ಕಡೆ ಈ ಕಡೆ ತಿರುಗ್ತಾನೇ ಇರತ್ತೆ, ಟ್ರ್ಯಾಕ್ಟರ್ ಮಾತ್ರ ಗುದ್ಕೊಂಡು ನೆಟ್ಟಗೆ.

ಅದಕ್ಕೇ ಫ್ಲೋಟ್ ಅಂತ ಇರೋದು. ಲಿವರನ್ನ ಮುಂದಕ್ಕೆ ಕೊನೇವರೆಗೂ ತಳ್ಳಿದ್ರೆ ಟಕ್ ಅಂತ ಕೂತ್ಕೊಳ್ಳತ್ತಲ್ಲ, ಅದು. ಆಗ ಬಕೆಟ್ ತನ್ನ ಭಾರದಲ್ಲಿ ತಾನು ನೆಲದ ಮೇಲೆ ತೇಲ್ಕೊಂಡು ಬರತ್ತೆ, ಟ್ರ್ಯಾಕ್ಟರ್ ಭಾರ ಟ್ರ್ಯಾಕ್ಟರಿನ ಟೈರ್ ಮೇಲೇ ಇರತ್ತೆ. ತಿರುವು ಬಂದಾಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಕೆಟನ್ನ ಒಂದು ಇಂಚು ಎತ್ತಿ, ಲೋಡರಿನ ಭಾರ ಪೂರ್ತಿ ಮುಂದಿನ ಆಕ್ಸಲ್ ಮೇಲೆ ಬಂದು ಕೂರತ್ತೆ, ಮೂತಿ ತಟ್ಟಂತ ತಿರುಗತ್ತೆ. ತಿರುವಲ್ಲಿ ಒಂದು ಇಂಚು ಸ್ನೋ ಉಳಿದ್ರೆ ಉಳೀಲಿ ಬಿಡಿ, ವಾಪಸ್ ಬರುವಾಗ ತೆಗೀಬಹುದು.

ಜಲ್ಲಿ ಡ್ರೈವ್‌ವೇ ಆದ್ರೆ ಫ್ಲೋಟಲ್ಲಿ ಬಕೆಟ್ ಅಂಚು ಜಲ್ಲಿಯನ್ನೆಲ್ಲ ಕೆರ್ಕೊಂಡು ಹೋಗತ್ತೆ, ವಸಂತದಲ್ಲಿ ಹುಲ್ಲಿನ ಮೇಲಿಂದ ಜಲ್ಲಿ ಹೆಕ್ಕೋ ಸುಖ ನಿಮ್ದೇ. ಒಂದು ಪೈಪನ್ನ ಉದ್ದಕ್ಕೆ ಸೀಳಿ ಬಕೆಟ್ ಅಂಚಿಗೆ ಸಿಗಿಸಿ ಬಿಗಿದ್ರೆ ಅಂಚು ದುಂಡಗಾಗಿ ಕೆರೆಯೋ ಬದ್ಲು ಜಾರ್ಕೊಂಡು ಹೋಗತ್ತೆ, ನಾನು ಮಾಡಿರೋದು ಅದನ್ನೇ.

ಫೋರ್ ವೀಲ್ ಯಾವಾಗ ಹಾಕ್ಬೇಕು? ಹತ್ತುವಾಗ ಮಾತ್ರ ಸಾಕಲ್ವಾ?

ಇಳಿಯುವಾಗಲೇ ಮುಖ್ಯ. ತುಂಬಾ ಜನಕ್ಕೆ ಗೊತ್ತಿರಲ್ಲ, ಹೆಚ್ಚಿನ ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರೋದು ಹಿಂದಿನ ಆಕ್ಸಲಿಗೆ ಮಾತ್ರ, ಕಾರಿನ ಥರ ನಾಲ್ಕಕ್ಕೂ ಅಲ್ಲ. ಫೋರ್ ವೀಲ್ ಹಾಕಿದ್ರೆ ಹಿಂದಿನದಕ್ಕೂ ಮುಂದಿನದಕ್ಕೂ ಶಾಫ್ಟ್ ಮೂಲಕ ಕೊಂಡಿ ಬೀಳತ್ತೆ, ಆಗ ಹಿಂದೆ ಹಿಡಿದ ಬ್ರೇಕ್ ಮುಂದಿನ ಟೈರನ್ನೂ ಹಿಡಿಯತ್ತೆ. ಇಳಿಯುವಾಗ ಭಾರ ಇರೋದು ಮುಂದೆ, ಬ್ರೇಕ್ ಇರೋದು ಹಗುರಾದ ಹಿಂದೆ, ಫೋರ್ ವೀಲ್ ಇಲ್ಲಾಂದ್ರೆ ಏನಾಗತ್ತೆ ಅಂತ ನಾನೇ ನೋಡಿದೀನಿ.

ಮೊದಲನೇ ಚಳಿಗಾಲ. ಗ್ಯಾರೇಜಿನ ಒಣ ಕಾಂಕ್ರೀಟ್ ಮೇಲೆ ತಿರುಗಿಸುವಾಗ ಫೋರ್ ವೀಲ್ ತೆಗ್ದಿದ್ದೆ, ಒಣ ನೆಲದಲ್ಲಿ ಹಾಕ್ಕೊಂಡು ತಿರುಗಿಸಿದ್ರೆ ಗೇರುಗಳು ಒಂದಕ್ಕೊಂದು ತಿಕ್ಕಾಡತ್ತೆ ಅಂತ ಯಾರೋ ಹೇಳಿದ್ರು, ಅದು ಸರೀನೇ. ಆದ್ರೆ ವಾಪಸ್ ಹಾಕೋದು ಮರ್ತೋಯ್ತು. ಬಕೆಟ್ ತುಂಬ ಒದ್ದೆ ಸ್ನೋ ತುಂಬ್ಕೊಂಡು ಏರಿಂದ ಇಳೀತಿದೀನಿ, ತಿರುವು ಹತ್ರ ಬಂತು, ಬ್ರೇಕ್ ಒತ್ತಿದೆ. ಹಿಂದಿನ ಎರಡೂ ಚಕ್ರ ನಿಂತ್ವು, ಟ್ರ್ಯಾಕ್ಟರ್ ನಿಲ್ಲಲಿಲ್ಲ. ಕಿರ್ ಅನ್ನೋ ಶಬ್ದಾನೂ ಇಲ್ಲ, ಅದೇ ಭಯ, ಅಷ್ಟು ಭಾರದ್ದು ಬೆಣ್ಣೆ ಮೇಲೆ ಹೋದಂಗೆ ಹತ್ತು ಮೀಟರ್ ಹೋಗಿ ರಸ್ತೆ ಬದಿಯ ಮೇಲ್‌ಬಾಕ್ಸಿಗೆ ಗುದ್ದಿ ಸ್ನೋ ದಿಬ್ಬದಲ್ಲಿ ನಿಂತ್ಕೊಳ್ತು. ಕಂಬ ಮುರಿದಿತ್ತು, ಡಬ್ಬ ಅಂಗಾತ ಬಿದ್ದಿತ್ತು, ಅದರ ಪಕ್ಕದ ಕೆಂಪು ಬಾವುಟ ಮಾತ್ರ ಇನ್ನೂ ನೆಟ್ಟಗೆ ಎದ್ದು ನಿಂತಿತ್ತು. ಪುಣ್ಯಕ್ಕೆ ಮೇಲ್‌ಬಾಕ್ಸ್ ನಮ್ಮದೇ.

ಅವತ್ತಿಂದ ಗ್ಯಾರೇಜಿನ ಬಾಗಿಲು ದಾಟಿದ ತಕ್ಷಣ ಫೋರ್ ವೀಲ್, ವಾಪಸ್ ಒಳಗೆ ಬರೋವರೆಗೂ ಅದು ಹಾಗೇ. ಬ್ರೇಕ್ ಅಷ್ಟೇ ಅಲ್ಲ, ತಿರುಗುವಾಗಲೂ ಮುಂದಿನ ಟೈರಿಗೆ ಎಂಜಿನ್ ಬಲ ಇದ್ರೆ ಅದು ಮೂತಿಯನ್ನ ತಿರುವಿನ ಕಡೆ ಎಳ್ಕೊಂಡು ಹೋಗತ್ತೆ, ಇಲ್ಲಾಂದ್ರೆ ಹಿಂದಿನ ಚಕ್ರ ತಳ್ಳಿದ ಕಡೆಗೆ ಸುಮ್ನೆ ಉಜ್ಕೊಂಡು ಹೋಗತ್ತೆ.

ಇಳಿಯುವಾಗ ಜಾರೋಕೆ ಶುರುವಾದ್ರೆ ಆ ಕ್ಷಣ ಏನ್ ಮಾಡ್ಲಿ?

ಕೈಕಾಲು ಮಾಡ್ಬೇಕು ಅನ್ನೋದಕ್ಕೆ ಸರಿಯಾಗಿ ಉಲ್ಟಾ ಮಾಡ್ಬೇಕು, ಅದೇ ಕಷ್ಟ.

ಈಗಿನ ಸಣ್ಣ ಟ್ರ್ಯಾಕ್ಟರುಗಳು ಹೆಚ್ಚಾಗಿ ಹೈಡ್ರೋಸ್ಟಾಟಿಕ್, ಕ್ಲಚ್ ಗೇರ್ ಗಲಾಟೆ ಇಲ್ಲ, ಪೆಡಲ್ ಒತ್ತಿದ್ರೆ ಹೋಗತ್ತೆ, ಕಾಲು ತೆಗೆದ್ರೆ ನಿಲ್ಲತ್ತೆ. ಈ ನಿಲ್ಲೋದೇ ಐಸ್ ಮೇಲೆ ಶತ್ರು. ಜಾರ್ತಿದೆ ಅಂತ ಗಾಬರಿ ಬಿದ್ದು ಕಾಲು ಪಟ್ಟಂತ ತೆಗೆದ್ರಿ ಅಂದ್ರೆ ಚಕ್ರ ಬ್ರೇಕ್ ಹಿಡಿದಂಗೆ ನಿಂತುಹೋಗತ್ತೆ, ನಿಂತ ಟೈರಿಗೆ ದಿಕ್ಕು ಅನ್ನೋದೇ ಇಲ್ಲ, ಅದು ಸ್ಲೆಡ್ ಹಲಗೆ ಥರ. ಉರುಳ್ತಾ ಇರೋ ಟೈರ್ ಮಾತ್ರ ತಿರುಗಿಸಿದ ಕಡೆ ಹೋಗತ್ತೆ. ಹಾಗಾಗಿ ಮುಂದಕ್ಕೆ ಓಡ್ಸೋ ಪೆಡಲನ್ನ ಸ್ವಲ್ಪ, ಅಂದ್ರೆ ಸ್ವಲ್ಪವೇ ಒತ್ತಿ, ಟ್ರ್ಯಾಕ್ಟರ್ ಜಾರ್ತಿರೋ ವೇಗಕ್ಕೆ ಚಕ್ರ ಉರುಳಂಗೆ ಮಾಡಿ, ಪೂರ್ತಿ ತಿರುಗಿಸಿಟ್ಟ ಸ್ಟೀರಿಂಗನ್ನ ಅರ್ಧಕ್ಕೆ ವಾಪಸ್ ತನ್ನಿ, ಟೈರ್ ಕಚ್ಕೊಂಡಿದ್ದು ಕೈಗೆ ಗೊತ್ತಾಗತ್ತೆ, ಆಮೇಲೆ ಮೆಲ್ಲಗೆ ತಿರುಗಿಸಿ, ಮೆಲ್ಲಗೆ ಕಾಲು ಸಡ್ಲಿಸಿ.

ಮಲೆನಾಡಲ್ಲಿ ಪವರ್ ಟಿಲ್ಲರ್ ಹಿಡಿದವರಿಗೆ ಇದು ಬೇಗ ಅರ್ಥ ಆಗತ್ತೆ. ಟಿಲ್ಲರಲ್ಲಿ ಎಡಕ್ಕೆ ಹೋಗ್ಬೇಕಂದ್ರೆ ಎಡಗೈ ಕ್ಲಚ್ ಒತ್ತೋದು ತಾನೆ, ಗದ್ದೆಯಲ್ಲಿ ಅದು ಸರಿ, ಆದ್ರೆ ಇಳುಕಲಲ್ಲಿ ಎಡ ಒತ್ತಿದ್ರೆ ಬಲಕ್ಕೆ ಹೋಗತ್ತೆ. ಯಾಕಂದ್ರೆ ಇಳುಕಲಲ್ಲಿ ಎಂಜಿನ್ ಚಕ್ರಗಳನ್ನ ಹಿಂದಕ್ಕೆ ಹಿಡಿದಿಟ್ಕೊಂಡಿರತ್ತೆ, ಎಡದ ಕ್ಲಚ್ ಬಿಡಿಸಿದ್ರೆ ಎಡದ ಚಕ್ರಕ್ಕೆ ಬಿಡುಗಡೆ ಸಿಕ್ಕಿ ಅದು ಮುಂದೋಡತ್ತೆ, ಮೂತಿ ಬಲಕ್ಕೆ. ನಮ್ಮೂರಲ್ಲಿ ಹೊಸದಾಗಿ ವಿಎಸ್‌ಟಿ ಟಿಲ್ಲರ್ ಬಂದಾಗ ಇದು ಗೊತ್ತಿಲ್ದೆ ದರೆ ಇಳಿದು ಅಡಿಕೆ ತೋಟದ ಬಸಿಗಾಲುವೆಯೊಳಗೆ ಹೋಗಿ ಕೂತವರು ಎಷ್ಟು ಜನ. ಪಾಠ ಎರಡೂ ಕಡೆ ಒಂದೇ, ಇಳುಕಲಲ್ಲಿ ಯಂತ್ರ ನಿಮ್ಮನ್ನ ತಳ್ತಿಲ್ಲ, ತಡೀತಿದೆ, ತಡೆಯೋದನ್ನ ಎಲ್ಲಿ ಬಿಗಿ ಮಾಡಿದ್ರಿ ಎಲ್ಲಿ ಸಡಿಲ ಮಾಡಿದ್ರಿ ಅನ್ನೋದರ ಮೇಲೆ ದಿಕ್ಕು.

ಯಾವುದೂ ಆಗ್ಲಿಲ್ಲ ಅಂದ್ರೆ ಬಕೆಟನ್ನ ನೆಲಕ್ಕೆ ಹಾಕಿ, ಅದರ ಅಂಚು ಲಂಗರಿನ ಥರ ಕಚ್ಕೊಳ್ಳತ್ತೆ. ಆದ್ರೆ ಬಕೆಟ್ ಒತ್ತಿದ್ರೆ ಮೂತಿ ಎದ್ದು ಸ್ಟೀರಿಂಗ್ ಹೋಯ್ತು ಅಂತ ಮೇಲೆ ಹೇಳಿದೀನಲ್ಲ, ಅದಕ್ಕೇ ಇದು ಕೊನೇ ಅಸ್ತ್ರ, ನಿಲ್ಸೋಕೆ ಮಾತ್ರ, ತಿರುಗಿಸೋಕೆ ಅಲ್ಲ.

ಮತ್ತೆ ಆಗುಂಬೆ ಘಾಟಿ ಡ್ರೈವರುಗಳು ಹೇಳ್ತಾರಲ್ಲ, ಹತ್ತಿದ ಗೇರಲ್ಲೇ ಇಳೀಬೇಕು ಅಂತ. ಇಲ್ಲಿ ಹತ್ತೋದೂ ಇಳಿಯೋದೂ ಲೋ ರೇಂಜಲ್ಲಿ, ಅಂದ್ರೆ ನಿಧಾನದ ಗೇರಲ್ಲಿ. ಏರಿನ ಮಧ್ಯ ಲೋ ಇಂದ ಹೈಗೆ ಬದಲಾಯಿಸೋಕೆ ಹೋಗ್ಲೇಬೇಡಿ, ನಡುವೆ ನ್ಯೂಟ್ರಲ್ ಬಂದಾಗ ಹಿಡಿದಿಟ್ಟಿದ್ದೆಲ್ಲ ಬಿಟ್ಟೋಗತ್ತೆ, ಟ್ರ್ಯಾಕ್ಟರ್ ಉರುಳ್ಕೊಂಡು ಹೊರಟುಬಿಡತ್ತೆ.

ಎಷ್ಟು ಇಳಿಜಾರು ಅಂದ್ರೆ ಜಾಸ್ತಿ?

ಫೋನಲ್ಲಿ ಲೆವೆಲ್ ಇರತ್ತಲ್ಲ, ಒಂದು ಉದ್ದ ಹಲಗೆ ಮೇಲಿಟ್ಟು ಅಳೆದು ನೋಡಿ. ಶೇಕಡ 10 ಅಂದ್ರೆ 5.7 ಡಿಗ್ರಿ, ಶೇಕಡ 15 ಅಂದ್ರೆ 8.5, ಶೇಕಡ 20 ಅಂದ್ರೆ 11.3. ಕಣ್ಣಿಗೆ ಇದೆಲ್ಲ ಏನೂ ಅಲ್ಲ ಅನ್ಸತ್ತೆ. ಆದ್ರೆ ಒಣ ರಸ್ತೆಯಲ್ಲಿ ರಬ್ಬರಿನ ಘರ್ಷಣೆ 0.7 ಆಸುಪಾಸು ಇರೋದು ಒತ್ತಿದ ಸ್ನೋ ಮೇಲೆ 0.2, 0.3ಕ್ಕೆ ಇಳಿಯತ್ತೆ, ಐಸ್ ಮೇಲೆ ಸುಮಾರು 0.1. ಈ 0.1 ಅಂದ್ರೇನು ಅಂದ್ರೆ ಶೇಕಡ 10 ಇಳಿಜಾರಲ್ಲಿ ನಾಲ್ಕೂ ಚಕ್ರ ಹಿಡ್ಕೊಂಡಿದ್ರೂ ಟ್ರ್ಯಾಕ್ಟರ್ ತಾನಾಗೇ ಜಾರತ್ತೆ, ಎರಡೇ ಚಕ್ರ ಹಿಡಿದಿದ್ರೆ ಶೇಕಡ 5ಕ್ಕೇ ಕಥೆ ಮುಗೀತು. ಹಾಗಾಗಿ ಪ್ರಶ್ನೆ ಎಷ್ಟು ಇಳಿಜಾರು ಅಂತ ಅಲ್ಲ, ಇವತ್ತು ನೆಲ ಏನಾಗಿದೆ ಅಂತ. ಸೊನ್ನೆ ಡಿಗ್ರಿ ಹತ್ರ ನೀರು ಒಸರೋ ಐಸು, ಮೈನಸ್ 15ರ ಒಣ ಐಸಿಗಿಂತ ಜಾಸ್ತಿ ಜಾರತ್ತೆ, ಬಿಸಿಲು ಬಂತು ಅಂತ ಖುಷಿಯಲ್ಲಿ ಟ್ರ್ಯಾಕ್ಟರ್ ಹತ್ತೋ ಮೊದ್ಲು ಇದು ನೆನಪಿರ್ಲಿ. ನಾನಂತೂ ಮೊದ್ಲು ಕಾಲಲ್ಲಿ ನಡೆದು ನೋಡ್ತೀನಿ, ನನಗೇ ನಿಲ್ಲೋಕಾಗ್ದಿದ್ರೆ ಆ ಏರಿಗೆ ಮರಳು ಚೆಲ್ಲದೆ ಗಾಡಿ ಇಳಿಸಲ್ಲ. ಉಪ್ಪು ಮೈನಸ್ 9ರ ಆಸುಪಾಸಿಗೆ ಕೆಲ್ಸ ನಿಲ್ಸತ್ತೆ, ಮರಳಿಗೆ ಆ ತೊಂದ್ರೆ ಇಲ್ಲ.

ಮೇಲಿಂದ ಕೆಳಕ್ಕೆ ತಳ್ಳೋದಾ, ಕೆಳಗಿಂದ ಮೇಲಕ್ಕಾ?

ಮೇಲಿಂದ ಕೆಳಕ್ಕೆ. ತೊಂಬತ್ತು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ, ಒಂದಡಿ ಸ್ನೋ ಅಂದ್ರೆ ಹತ್ರಹತ್ರ 95 ಘನ ಮೀಟರ್, ಹೊಸ ಹಗುರ ಸ್ನೋ ಆದ್ರೂ ಏಳೆಂಟು ಟನ್, ಒದ್ದೆ ಆದ್ರೆ ಇಪ್ಪತ್ತು ಟನ್ ದಾಟತ್ತೆ. ಅಷ್ಟನ್ನ ಏರಿಗೆ ತಳ್ಳೋ ಹುಚ್ಚು ಯಾಕೆ? ಆದ್ರೆ ಮೊದ್ಲು ಮೇಲೆ ಹೋಗ್ಬೇಕಲ್ಲ ಅಂದ್ರೆ, ಟ್ರ್ಯಾಕ್ಟರನ್ನ ಮನೆ ಹತ್ರ ಮೇಲೇ ಇಟ್ಕೊಳ್ಳಿ. ಇನ್ನು ಕಾರು ಓಡಾಡೋ ಮೊದ್ಲೇ ತೆಗೀರಿ, ಕಾರಿನ ಚಕ್ರ ಒತ್ತಿದ ಎರಡು ಗೆರೆ ಐಸಾಗಿ ಕೂತ್ರೆ ಆಮೇಲೆ ಬಕೆಟ್ ಅಂಚಿಗೂ ಬಗ್ಗಲ್ಲ, ನಿಮ್ಮ ಟೈರ್ ಬರೋದೂ ಸರಿಯಾಗಿ ಆ ಗೆರೆ ಮೇಲೇ.

ತಿರುಗಿಸೋ ಕೆಲ್ಸ ಏನಿದ್ರೂ ಮೇಲಿನ ಸಮತಟ್ಟಲ್ಲಿ ಇಲ್ಲಾ ಕೆಳಗಿನ ಸಮತಟ್ಟಲ್ಲಿ, ಏರಿನ ಮಧ್ಯ ಅಡ್ಡ ತಿರುಗಿಸೋದು ಬೇಡವೇ ಬೇಡ. ವಾಪಸ್ ಹತ್ತುವಾಗ ಜಾರಿದ್ರೆ ಒಂದೇ ಸಮ ಒತ್ತಿ ಚಕ್ರ ಗಿರಗಿರ ತಿರುಗಿಸ್ಬೇಡಿ, ಅದು ನೆಲವನ್ನ ಪಾಲಿಶ್ ಮಾಡತ್ತೆ ಅಷ್ಟೇ, ನೆಟ್ಟಗೆ ಬಂದ ದಾರಿಯಲ್ಲೇ ಹಿಂದಕ್ಕೆ ಇಳಿದು ಮತ್ತೆ ಬನ್ನಿ.

ಡ್ರೈವ್‌ವೇ ಒಂದು ಪಕ್ಕಕ್ಕೆ ವಾಲಿದೆ. ಬ್ಲೇಡ್ ಯಾವ ಕಡೆ ಓರೆ ಮಾಡ್ಲಿ?

ತಗ್ಗಿನ ಕಡೆಗೆ, ಮುಂದಿನ ಬ್ಲೇಡ್ ಆದ್ರೆ. ಬ್ಲೇಡ್ ಸ್ನೋನ ಬಲಕ್ಕೆ ತಳ್ಳಿದ್ರೆ ಸ್ನೋ ಬ್ಲೇಡನ್ನ ಎಡಕ್ಕೆ ತಳ್ಳತ್ತೆ. ನೆಲ ಬಲಕ್ಕೆ ವಾಲಿ ಟ್ರ್ಯಾಕ್ಟರನ್ನ ಬಲಕ್ಕೆ ಎಳೀತಿದ್ರೆ ಇವೆರಡೂ ಒಂದಕ್ಕೊಂದು ವಜಾ ಆಗಿ ಮೂತಿ ನೆಟ್ಟಗಿರತ್ತೆ. ಉಲ್ಟಾ ಮಾಡಿ ಎತ್ತರದ ಕಡೆ ಸ್ನೋ ಎಸೆಯೋಕೆ ಹೋದ್ರೆ ನೆಲಾನೂ ಸ್ನೋನೂ ಸೇರ್ಕೊಂಡು ಒಂದೇ ಕಡೆ ತಳ್ಳತ್ತೆ, ಚರಂಡಿಗೆ ಕಳಿಸೋಕೆ ಇಬ್ಬರು ಸಾಕ್ಷಿ ಸಿಕ್ಕಂಗೆ.

ಹಿಂದಿನ ಬ್ಲೇಡಲ್ಲಿ ಒಂದು ತಮಾಷೆ ಇದೆ. ಅಲ್ಲಿ ತಳ್ಳಿಸ್ಕೊಳ್ಳೋದು ಬಾಲ, ಬಾಲ ಎಡಕ್ಕೆ ಹೋದ್ರೆ ಮೂತಿ ಬಲಕ್ಕೆ, ಅಂದ್ರೆ ಸ್ನೋ ಬೀಳೋ ಕಡೆಗೇ ತಿರುಗತ್ತೆ. ಅದಕ್ಕೇ ಹಿಂದಿನ ಬ್ಲೇಡ್ ಜಾಸ್ತಿ ಓರೆ ಮಾಡಿದಾಗ ಸ್ಟೀರಿಂಗನ್ನ ಯಾವಾಗ್ಲೂ ಸ್ವಲ್ಪ ಆಚೆಗೆ ಹಿಡ್ಕೊಂಡೇ ಇರ್ಬೇಕಾಗತ್ತೆ. ಓರೆ ಕಮ್ಮಿ ಮಾಡಿ, ಇಲ್ಲಾ ಒಂದೇ ಸಲಕ್ಕೆ ತೆಗೆಯೋ ಅಗಲ ಕಮ್ಮಿ ಮಾಡಿ.

ಡಿಫರೆನ್ಷಿಯಲ್ ಲಾಕ್ ಒತ್ಕೊಂಡೇ ಇದ್ರೆ ಹಿಡಿತ ಜಾಸ್ತಿ ಅಲ್ವಾ?

ಹಿಡಿತ ಜಾಸ್ತಿ, ತಿರುವು ಸೊನ್ನೆ. ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಿದ್ರೆ ಅವು ಟ್ರ್ಯಾಕ್ಟರನ್ನ ನೆಟ್ಟಗೇ ತಳ್ತವೆ, ಮುಂದಿನವು ಏನು ಹೇಳಿದ್ರೂ ಕೇಳಲ್ಲ. ನೆಟ್ಟಗೆ ಹತ್ತುವಾಗ ಒಂದು ಚಕ್ರ ಸುಮ್ನೆ ತಿರುಗ್ತಿದ್ರೆ ಒತ್ತಿ, ದಾಟಿದ ಮೇಲೆ ಬಿಡಿ. ಎಡ ಬಲ ಬೇರೆಬೇರೆ ಬ್ರೇಕ್ ಪೆಡಲ್ ಇರೋ ದೊಡ್ಡ ಮಾಡೆಲ್ ಆದ್ರೆ ಗದ್ದೆಯಲ್ಲಿ ಒಂದು ಕಾಲು ಒತ್ತಿ ಗಿರಕಿ ಹೊಡೆಸೋ ಅಭ್ಯಾಸ ನಮ್ಮವರಿಗೆ ಇರತ್ತೆ, ಸ್ನೋ ಇಳಿಜಾರಲ್ಲಿ ಅದು ಬೇಡ, ಎರಡನ್ನೂ ಸೇರಿಸಿ ಕೊಂಡಿ ಹಾಕಿಡಿ.

ಚೈನ್ ಬೇಕಾ? ಹಿಂದೆ ಮಾತ್ರ ಸಾಕಾ?

ಏರು ಇದ್ರೆ ಬೇಕು. ಟ್ರ್ಯಾಕ್ಟರ್ ಮಾರಿದವರು ನನಗೆ "ಈ ಟೈರಿಗೆ ಏನೂ ಬೇಡ, ಎಲ್ಲಿ ಬೇಕಾದ್ರೂ ಹತ್ತತ್ತೆ" ಅಂದಿದ್ರು, ಅವರ ಅಂಗಡಿ ಅಂಗಳ ಸಮತಟ್ಟು. ಸಣ್ಣ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಬರೋ ಆರ್4 ಅನ್ನೋ ಇಂಡಸ್ಟ್ರಿಯಲ್ ಟೈರಿನ ರಬ್ಬರ್ ದಪ್ಪ ದಪ್ಪ ಗಟ್ಟಿ, ಮಣ್ಣಿಗೆ ಸರಿ, ಐಸ್ ಮೇಲೆ ಸೋಪಿನ ಥರ. ಹುಲ್ಲಿಗೆ ಅಂತ ಬರೋ ಟರ್ಫ್ ಟೈರೇ ಎಷ್ಟೋ ವಾಸಿ, ಸಣ್ಣ ಸಣ್ಣ ಅಂಚು ಜಾಸ್ತಿ ಇರತ್ತೆ.

ಮೊದಲ ಜೊತೆ ಚೈನ್ ಹಿಂದಿನ ಚಕ್ರಕ್ಕೆ, ಯಾಕಂದ್ರೆ ಬ್ರೇಕ್ ಇರೋದು ಅಲ್ಲಿ. ಮುಂದೆ ಮಾತ್ರ ಹಾಕಿ ಹಿಂದೆ ಬಿಟ್ರೆ ಇಳಿಯುವಾಗ ಮೂತಿ ಕಚ್ಕೊಂಡು ಬಾಲ ಸುತ್ತಿ ಮುಂದೆ ಬರತ್ತೆ, ಅದು ತುಂಬಾ ಕೆಟ್ಟದು. ಆದ್ರೆ ಹಿಂದೆ ಮಾತ್ರ ಚೈನ್ ಇದ್ರೆ ಇನ್ನೊಂದು ಕಾಟ, ಹಿಂದಿನ ಬಲ ಜಾಸ್ತಿಯಾಗಿ ಮುಂದಿನ ನುಣುಪು ಟೈರನ್ನ ತಿರುವಲ್ಲಿ ನೆಟ್ಟಗೆ ತಳ್ಕೊಂಡು ಹೋಗತ್ತೆ. ಹಾಗಾಗಿ ನಿಮ್ಮ ಟ್ರ್ಯಾಕ್ಟರಿನ ಪುಸ್ತಕ ಒಪ್ಪಿದ್ರೆ ನಾಲ್ಕಕ್ಕೂ ಹಾಕಿ. ಮುಂದೆ ಹಾಕಿದ ಮೇಲೆ ಗ್ಯಾರೇಜಲ್ಲೇ ಸ್ಟೀರಿಂಗನ್ನ ಎರಡೂ ಕಡೆ ಕೊನೇವರೆಗೂ ತಿರುಗಿಸಿ ನೋಡಿ, ಚೈನ್ ಲೋಡರ್ ಕಂಬಕ್ಕೋ ಸ್ಟೀರಿಂಗ್ ರಾಡಿಗೋ ತಾಗ್ತಿದ್ರೆ ಅಲ್ಲೇ ಗೊತ್ತಾಗತ್ತೆ. ಚೈನ್ ಏಣಿಯಂತೆ ಬರೀ ಅಡ್ಡ ಪಟ್ಟಿ ಇರೋದಾದ್ರೆ ಹತ್ತೋಕೆ ಚೆನ್ನ, ಪಕ್ಕಕ್ಕೆ ಜಾರೋದನ್ನ ಅಷ್ಟು ತಡೆಯಲ್ಲ, ಇಳಿಜಾರಿಗೆ ನಡುವೆ ಉದ್ದಕ್ಕೂ ಕೊಂಡಿ ಇರೋ ಬಲೆಯಂಥದ್ದು ವಾಸಿ.

ಟೈರೊಳಗೆ ನೀರು ತುಂಬಿಸ್ತಾರಂತೆ?

ಹಿಂದಿನ ಟೈರಿಗೆ, ಭಾರಕ್ಕೆ. ಬರೀ ನೀರು ಇಲ್ಲಿ ಗಡ್ಡೆ ಕಟ್ಟತ್ತೆ, ಅದಕ್ಕೇ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ, ವಿಂಡ್‌ಶೀಲ್ಡ್ ತೊಳೆಯೋ ದ್ರವ, ಇಲ್ಲಾ ಬೀಟ್ ರಸ. ಬೀಟ್ ರಸ ಅಂದ್ರೆ ನಿಜವಾಗ್ಲೂ ಬೀಟ್ ರಸಾನೇ, ಸಕ್ಕರೆ ತೆಗೆದ ಮೇಲೆ ಉಳಿಯೋ ಗಸಿ, ಕ್ಲೋರೈಡಿನ ಥರ ರಿಮ್ ತುಕ್ಕು ಹಿಡಿಸಲ್ಲ. ಟೈರಿನ ಮುಕ್ಕಾಲು ಭಾಗ ತುಂಬ್ತಾರೆ. ಲೋಡರ್ ಇರೋರಿಗೆ ಇದು ಒಳ್ಳೇದು, ಭಾರ ಚಕ್ರದಲ್ಲೇ ಇರೋದ್ರಿಂದ ಹಿಂದೆ ನೇತಾಕಿದ ಬ್ಲೇಡಿನ ಥರ ಮೂತಿ ಎತ್ತಲ್ಲ.

ಬ್ಲೇಡ್ ಬಿಟ್ಟು ಸ್ನೋ ಬ್ಲೋವರ್ ತಗೊಂಡ್ರೆ ಸ್ಟೀರಿಂಗ್ ತಲೆನೋವು ಕಮ್ಮಿನಾ?

ಕಮ್ಮಿ. ತಳ್ಳೋ ಬಲ ಬೇಕಿಲ್ಲ, ತಿಂದು ಎಸೆಯತ್ತೆ, ಪಕ್ಕಕ್ಕೆ ಒತ್ತಡಾನೂ ಇಲ್ಲ. ದೊಡ್ಡ ಬಿರುಗಾಳಿಗೆ ಅದೇ ಗತಿ ಕೂಡ, 2014ರ ನವೆಂಬರಲ್ಲಿ ಬಫಲೋ ದಕ್ಷಿಣದ ಊರುಗಳಲ್ಲಿ ಐದಡಿ ಮೇಲೆ ಬಿತ್ತು, 2022ರ ನವೆಂಬರಲ್ಲಿ ಆರ್ಚರ್ಡ್ ಪಾರ್ಕಲ್ಲಿ ಸುಮಾರು 80 ಇಂಚು, ಅಷ್ಟನ್ನ ತಳ್ಳೋಕೆ ಜಾಗ ಎಲ್ಲಿದೆ. ಆದ್ರೆ ಹಿಂದೆ ಹಾಕೋ ಬ್ಲೋವರ್ ಆದ್ರೆ ಇಡೀ ಕೆಲ್ಸ ರಿವರ್ಸಲ್ಲಿ, ಕತ್ತು ಹಿಂದಕ್ಕೆ ತಿರುಗಿಸ್ಕೊಂಡು, ಮರುದಿನ ಆಫೀಸಲ್ಲಿ ಯಾರಾದ್ರೂ ಕರೆದ್ರೆ ಇಡೀ ಮೈ ತಿರುಗಿಸ್ಬೇಕಾಗತ್ತೆ. ರಿವರ್ಸಲ್ಲಿ ತಿರುಗಿಸುವಾಗ ಮೂತಿ ಹೊರಗೆ ಬೀಸತ್ತೆ ಅನ್ನೋದು ನೆನಪಿರ್ಲಿ, ಎಷ್ಟೋ ಗ್ಯಾರೇಜ್ ಬಾಗಿಲುಗಳು ಹೋಗಿರೋದು ಹಾಗೇ. ಬಾಯಿಗೆ ಸ್ನೋ ಸಿಕ್ಕಾಕೊಂಡ್ರೆ ಎಂಜಿನ್ ಆಫ್ ಮಾಡಿ ಕೋಲಲ್ಲಿ ತೆಗೀರಿ, ಕೈ ಹಾಕ್ಬೇಡಿ.

ಬೆಳಿಗ್ಗೆ ಸ್ಟೀರಿಂಗ್ ಗಟ್ಟಿ ಇರತ್ತೆ.

ಪವರ್ ಸ್ಟೀರಿಂಗ್ ಓಡೋದು ಹೈಡ್ರಾಲಿಕ್ ಎಣ್ಣೆಯಿಂದ, ಮೈನಸ್ 15ರಲ್ಲಿ ಅದು ಜೋನಿಬೆಲ್ಲ. ಹತ್ತು ನಿಮಿಷ ಎಂಜಿನ್ ಬಿಸಿ ಆಗ್ಲಿ, ಅಷ್ಟ್ರಲ್ಲಿ ಕಾಫಿ ಕುಡೀರಿ. ಎಂಜಿನ್ ನಿಂತ್ರೆ ಸ್ಟೀರಿಂಗೂ ಕಲ್ಲಾಗತ್ತೆ, ಹಾಗಾಗಿ ಚಳಿಗಾಲದ ಡೀಸೆಲ್ ಹಾಕಿರಿ, ಮಾಮೂಲಿ ಡೀಸೆಲ್ ಚಳಿಗೆ ಮೇಣ ಕಟ್ಟಿ ಏರಿನ ಮಧ್ಯದಲ್ಲಿ ಗಾಡಿ ನಿಂತ್ರೆ ಚೆನ್ನಾಗಿರಲ್ಲ.

ಮಗನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ಲಾ? ತುಂಬಾ ಆಸೆ ಪಡ್ತಾನೆ.

ಬೇಡ. ಊರಲ್ಲಿ ಮಡ್‌ಗಾರ್ಡ್ ಮೇಲೆ ಇಬ್ರು, ಹಿಂದೆ ಒಬ್ರು ನಿಂತು ಜಾತ್ರೆಗೆ ಹೋಗಿದ್ದು ನನಗೂ ನೆನಪಿದೆ, ಇಲ್ಲಿ ಐಸಿನ ಇಳಿಜಾರು. ಸೀಟಿನ ಹಿಂದೆ ಟ್ರ್ಯಾಕ್ಟರ್ ಮಗುಚಿದ್ರೆ ಕಾಯೋ ಕಮಾನು, ಇಲ್ಲಿ ರೋಪ್ಸ್ ಅಂತಾರೆ, ಇರತ್ತಲ್ಲ, ಅದನ್ನ ಗ್ಯಾರೇಜಿಂದ ಹೊರಗೆ ಬಂದ ತಕ್ಷಣ ಎತ್ತಿ ಪಿನ್ ಹಾಕಿ, ಬೆಲ್ಟ್ ಕಟ್ಟಿ. ಕಮಾನು ಮಡಚಿದ್ದಾಗ ಮಾತ್ರ ಬೆಲ್ಟ್ ಕಟ್ಬಾರ್ದು, ಎರಡೂ ಜೊತೆಗೇ ಇರ್ಬೇಕು, ಇಲ್ಲಾ ಎರಡೂ ಇಲ್ಲ.

ಮಹೀಂದ್ರಾ ಇಲ್ಲೂ ಸಿಗತ್ತಾ?

ಸಿಗತ್ತೆ, ಅಮೆರಿಕಕ್ಕೆ ಬಂದಿದ್ದು 1994ರಲ್ಲಿ. ಜಾನ್ ಡಿಯರ್, ಕುಬೋಟಾ, ಮಹೀಂದ್ರಾ ಯಾವುದು ಒಳ್ಳೇದು ಅನ್ನೋ ಜಗಳಕ್ಕೆ ನಾನಿಲ್ಲ, ಐಸು ಯಾರ ಬಣ್ಣಾನೂ ನೋಡಲ್ಲ.

ಕೆಳಗೆ ತಂದ ಸ್ನೋನ ರಸ್ತೆ ದಾಟಿಸಿ ಆಚೆ ತಳ್ಳಬಹುದಾ?

ನ್ಯೂಯಾರ್ಕಲ್ಲಿ ರಸ್ತೆ ಮೇಲೆ ಸ್ನೋ ಹಾಕೋದು ಕಾನೂನು ಪ್ರಕಾರ ತಪ್ಪು. ಮತ್ತೆ ಏರಿಂದ ಸ್ನೋ ತಳ್ಕೊಂಡು ಇಳಿದು ರಸ್ತೆವರೆಗೂ ಹೋಗೋದು ಅಂದ್ರೆ ನಿಲ್ದಿದ್ರೆ ಟ್ರಾಫಿಕ್ ಮಧ್ಯಕ್ಕೆ ಹೋಗೋದು ಅಂತಾನೂ ಅರ್ಥ. ರಸ್ತೆಗೆ ಆರೇಳು ಮೀಟರ್ ಮೊದ್ಲೇ ಪಕ್ಕಕ್ಕೆ ಒಂದು ಜಾಗ ಮಾಡ್ಕೊಂಡು ಅಲ್ಲೇ ಗುಡ್ಡೆ ಹಾಕಿ. ನವೆಂಬರಲ್ಲಿ ನೆಲ ಗಟ್ಟಿಯಾಗೋ ಮೊದ್ಲು ಚರಂಡಿ ಉದ್ದಕ್ಕೂ ಕಿತ್ತಳೆ ಕಡ್ಡಿ ನೆಡಿ, ಬೆಳ್ಳಗೆ ಮುಚ್ಚಿದ ಮೇಲೆ ಅಂಚು ಎಲ್ಲಿದೆ ಅಂತ ಹುಟ್ಟಿ ಬೆಳೆದವರಿಗೂ ಗೊತ್ತಾಗಲ್ಲ.

ಮೊದಲ್ನೇ ಸಲ ಓಡಿಸೋರು ಎಲ್ಲಿಂದ ಶುರು ಮಾಡ್ಬೇಕು?

ಏರಲ್ಲಿ ಅಲ್ಲ. ಎರಡು ಮೂರು ಇಂಚು ಸ್ನೋ ಬಿದ್ದ ದಿನ ಸಮತಟ್ಟಾದ ಖಾಲಿ ಜಾಗಕ್ಕೆ ಹೋಗಿ, ಲೋ ರೇಂಜ್, ಫೋರ್ ವೀಲ್. ಬಕೆಟ್ ಒಂದು ಅಡಿ ಎತ್ತಿ ಒಂದು ಸುತ್ತು ಹಾಕಿ, ಫ್ಲೋಟಲ್ಲಿಟ್ಟು ಒಂದು ಸುತ್ತು, ನೆಲಕ್ಕೆ ಒತ್ತಿ ಹಿಡಿದು ಒಂದು ಸುತ್ತು. ಮೂರು ಸಲಾನೂ ಸ್ಟೀರಿಂಗ್ ಅಷ್ಟೇ ತಿರುಗಿಸಿ. ಆಮೇಲೆ ಇಳಿದು ಸ್ನೋ ಮೇಲಿನ ಗುರುತು ನೋಡಿ, ಮೊದಲನೇದು ದುಂಡಗೆ ಬಂದಿರತ್ತೆ, ಎರಡನೇದು ಸ್ವಲ್ಪ ದೊಡ್ಡದು, ಮೂರನೇದು ಸುತ್ತೇ ಆಗಿರಲ್ಲ, ಬೇಲಿ ಕಡೆ ಹೋಗಿರತ್ತೆ.